ಬೈಕು, ಬೆವರು ಮತ್ತು ಎರಡು ಬೆರಳು ಸನ್‌ಸ್ಕ್ರೀನ್

ಔಷಧ ಕಂಪನಿಯ ರೆಪ್ ಕೆಲಸ ನನ್ನದು. ವಾರಕ್ಕೆ ನಾಲ್ಕು ದಿನ ಕಾರವಾರ ಬಿಟ್ಟು ಅಂಕೋಲಾ, ಕುಮಟಾ, ಹೊನ್ನಾವರ ಅಂತ ಬೈಕಿನಲ್ಲೇ ಸುತ್ತುತ್ತೇನೆ. ಸನ್‌ಸ್ಕ್ರೀನ್ ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಂದರೆ ಚರ್ಮ ಸುಡುವ ಯುವಿಬಿ ಕಿರಣಕ್ಕೆ ತಡೆಯ ಅಳತೆ, ಪಿಎ ಅಂದರೆ ಚರ್ಮ ಕಪ್ಪಾಗಿಸುವ ಯುವಿಎ ಕಿರಣಕ್ಕೆ. ಅದನ್ನು ಸರಿಯಾಗಿ ಹಚ್ಚಲು ಕಲಿತ ಮೇಲೆ ಕೆನ್ನೆಯ ಬಂಗು ತಿಳಿಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷದ ದುಡ್ಡು ಪೂರ್ತಿ ನೀರುಪಾಲು. 50 ಗ್ರಾಂ ಟ್ಯೂಬು ಐದಾರು ತಿಂಗಳು ಬರುತ್ತಿತ್ತು, ಉಳಿತಾಯ ಅಂತ ನನಗೆ ಖುಷಿ. ಕಡಲೆಕಾಳಿನಷ್ಟು ಹಚ್ಚಿದರೆ ಎಸ್‌ಪಿಎಫ್ 50 ಅನ್ನೋದು ಡಬ್ಬದ ಮೇಲೆ ಮಾತ್ರ. ಈಗ ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚುತ್ತೇನೆ. ಟ್ಯೂಬು ಮೂರು ವಾರ ಬಂದರೆ ಹೆಚ್ಚು. ತಿಂಗಳಿಗೆ ಹತ್ತಿರ ಹತ್ತಿರ 600 ರೂಪಾಯಿ. ಹೆಂಡತಿ ಲೆಕ್ಕ ಕೇಳಿದಾಗ ಸಂಜೆಯ ಚಾ-ಬನ್ಸ್ ಬಿಟ್ಟೆ ಅಂದೆ. ಬಿಟ್ಟಿಲ್ಲ.

ಜಿಂಕ್ ಆಕ್ಸೈಡ್ ಅನ್ನೋ ಬಿಳಿ ಪುಡಿ ಜಾಸ್ತಿ ಇರುವುದನ್ನು ತಂದಾಗ ಮುಖವೆಲ್ಲ ಬಿಳಿ. "ಏನು ಮಾರಾಯಾ, ಇವತ್ತು ಯಾವ ಯಕ್ಷಗಾನ ಮೇಳ?" ಅಂತ ಜೊತೆಯವನೊಬ್ಬ ಎಲ್ಲರೆದುರು ನಕ್ಕ. ಆಮೇಲೆ ತೆಳು ಜೆಲ್. ಏಪ್ರಿಲ್‌ನಲ್ಲಿ ಹೆಲ್ಮೆಟ್ ಒಳಗೆ ಬೆವರಿನ ಜೊತೆ ಕಣ್ಣಿಗಿಳಿಯಿತು. ಅಂಕೋಲಾ ಮುಟ್ಟುವ ಮೊದಲೇ ಬೈಕು ಬದಿಗೆ ಹಾಕಿ ಕುಡಿಯುವ ನೀರಲ್ಲಿ ಮುಖ ತೊಳೆದೆ. ಇನ್ನೊಂದು ಟ್ಯೂಬು ಬೈಕಿನ ಬಾಕ್ಸಿನಲ್ಲೇ ಕಾದು, ನೀರು ಬೇರೆ ಎಣ್ಣೆ ಬೇರೆ ಆಯಿತು. 450 ರೂಪಾಯಿ ಚರಂಡಿಗೆ.

ಕೊನೆಗೆ ಕೈಹಿಡಿದದ್ದು ಬಣ್ಣ ಬೆರೆಸಿದ, ಬೆವರಿಗೆ ಜಗ್ಗದ ಕ್ರೀಮು. ಅದರ ಬಣ್ಣಕ್ಕೆ ಹಾಕುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗಿಗೆ ಅದು ಬೇಕೇ ಬೇಕು. ಹುಬ್ಬಿನ ಮೇಲೆ ಮಾತ್ರ ಬೇರೊಂದು ಹಚ್ಚುತ್ತೇನೆ. ಅದೇನು ಅಂತ ಹೇಳೋದಿಲ್ಲ, ಕಣ್ಣುರಿ ತಿಂದು ಕಲಿತದ್ದು.

ಹೊರಡುವ ಹದಿನೈದು ನಿಮಿಷ ಮೊದಲು ಒಮ್ಮೆ, ಡಾಕ್ಟರ ಬಾಗಿಲಲ್ಲಿ ಕಾಯುವಾಗ ಮುಖ ಒರೆಸಿ ಇನ್ನೊಮ್ಮೆ. ಎರಡು ತಾಸಿಗೊಮ್ಮೆ ಹಚ್ಚಬೇಕು ಅನ್ನೋದು ಸರಿಯೇ, ನನ್ನ ಸಂಬಳ ಒಪ್ಪಬೇಕಲ್ವಾ? ಕೈಗೆ ಉದ್ದ ತೋಳಿನ ಅಂಗಿ, ಖರ್ಚಿಲ್ಲ.

ಶಿರಸಿಯ ಅತ್ತೆ ಮುರುಗಲ (ಕೋಕಂ) ಬೀಜದ ತುಪ್ಪವೇ ಸಾಕು ಅಂದಿದ್ದರು. ಒಂದು ವಾರ ಅರ್ಧ ತೋಳಿನ ಅಂಗಿ ಹಾಕಿ ಎಡಗೈಗೆ ತುಪ್ಪ, ಬಲಗೈಗೆ ಕ್ರೀಮು. ಎಡಗೈ ಕರ್ರಗಾಯಿತು. ತುಪ್ಪ ಈಗ ಹಿಮ್ಮಡಿಯ ಬಿರುಕಿಗೆ ಹೋಗುತ್ತದೆ, ಅಲ್ಲಿ ಅದನ್ನು ಮೀರಿಸಿದ್ದಿಲ್ಲ. ಮಳೆಗಾಲದಲ್ಲಿ ಬಿಸಿಲೆಲ್ಲಿ ಅಂತ ಎರಡು ತಿಂಗಳು ಕ್ರೀಮು ಬಿಟ್ಟಿದ್ದೆ. ಮೋಡ ದಾಟಿ ಯುವಿಎ ಸಾಕಷ್ಟು ಬರುತ್ತದೆ, ಬಂಗು ವಾಪಸ್ ಬಂದಾಗ ನಂಬಿದೆ.

ಮೇಳ ಅಂದವನು ಈಗ ಕಾರಿನಲ್ಲಿ ಓಡಾಡುತ್ತಾನೆ. ಬದಿಯ ಗಾಜಿಂದಲೂ ಯುವಿಎ ಒಳಗೆ ಬರುತ್ತದೆ ಅಂದರೆ ಕೇಳಲಿಲ್ಲ. ಅವನ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪು. ಮೊನ್ನೆ ಮೆಲ್ಲಗೆ ಬಂದು ಯಾವ ಟ್ಯೂಬು ಅಂತ ಕೇಳಿದ. ಮೊದಲು ನನಗೊಂದು ಕೊಡಿಸು ಅಂದೆ.