ಐಡಿಯಲ್ಲಿ ಗ್ಯಾಪ್ ಇದ್ದರೆ ಇರಲಿ, ಇನ್‌ವಾಯ್ಸ್ ನಂಬರಿನಲ್ಲಿ ಬೇಡ

ಇನ್‌ವಾಯ್ಸ್ ಟೇಬಲ್‌ನಲ್ಲಿ, ಪ್ರತಿ ಸಾಲಿಗೂ ಡೇಟಾಬೇಸ್ ತಾನೇ ಕೊಡುವ ಐಡಿ 1041 ಆದಮೇಲೆ ನೇರ 1043 ಕಂಡರೆ, 1042 ಅನ್ನು ಯಾರೋ ಅಳಿಸಿದ್ದಾರೆ ಎಂಬ ಅನುಮಾನ ಮೊದಲು ಬರುತ್ತದೆ. ಬಹುಪಾಲು ಯಾರೂ ಅಳಿಸಿರುವುದಿಲ್ಲ. ಇನ್ಸರ್ಟ್, ಅಂದರೆ ಹೊಸ ಸಾಲು ಸೇರಿಸುವ ಕೆಲಸ, ನಡೆಯುವಾಗಲೇ ನಂಬರ್ ಖರ್ಚಾಗುತ್ತದೆ; ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಬದಲಾವಣೆಗಳ ಗುಂಪು) ರೋಲ್‌ಬ್ಯಾಕ್ ಆಗಿ ಎಲ್ಲ ರದ್ದಾದರೂ ಅದು ವಾಪಸ್ ಬರುವುದಿಲ್ಲ. ವಾಪಸ್ ಬರಬೇಕೆಂದರೆ ಒಬ್ಬರ ಕಮಿಟ್ (ಬದಲಾವಣೆ ಖಾಯಂ ಆಗುವುದು) ಮುಗಿಯುವ ತನಕ ಉಳಿದವರೆಲ್ಲ ಕಾಯಬೇಕು.

ರೋಲ್‌ಬ್ಯಾಕ್ ಒಂದೇ ಕಾರಣವಲ್ಲ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಏಕಾಏಕಿ ನಿಂತು ಮತ್ತೆ ಶುರುವಾದರೆ ಇಂಟ್ (ಸಾಮಾನ್ಯ ಪೂರ್ಣಾಂಕ) ಕಾಲಂನ ಐಡಿ ಸುಮಾರು 1000 ಹಾರಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 'ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್' (ಅದೇ ಸಾಲು ಆಗಲೇ ಇದ್ದರೆ ಬಿಟ್ಟುಬಿಡು ಎನ್ನುವ ಆದೇಶ) ಒಂದೂ ಸಾಲು ಸೇರಿಸದೆ ನಂಬರ್ ನುಂಗುತ್ತದೆ. ಇದ್ದ ಸಾಲುಗಳನ್ನೇ ದಿನವೂ ಮತ್ತೆ ತುಂಬುವ ಸಿಂಕ್ ಜಾಬ್ ಇದ್ದರೆ, ಟೇಬಲ್ ಚಿಕ್ಕದಿದ್ದರೂ ಐಡಿ ಇಂಟ್‌ನ 2147483647ರ ಮಿತಿ ಮುಟ್ಟಬಹುದು. ಅಂಥ ಕಡೆ ನಾನು ಮೊದಲೇ ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಬಿಗ್‌ಇಂಟ್ ಹಾಕುತ್ತೇನೆ. ಗ್ಯಾಪ್ ಮುಚ್ಚಲೆಂದು ಹಳೆಯ ಐಡಿಗಳನ್ನು ಬದಲಿಸುವುದೇ ಇಲ್ಲ. ಫಾರಿನ್ ಕೀ (ಬೇರೆ ಟೇಬಲ್‌ನಿಂದ ಈ ಸಾಲನ್ನು ತೋರಿಸುವ ಕಾಲಂ), ಲಾಗ್, ರಿಪೋರ್ಟ್ ಎಲ್ಲವೂ ಆ ಐಡಿಗಳನ್ನೇ ಹಿಡಿದು ನಿಂತಿರುತ್ತವೆ.

ಇನ್‌ವಾಯ್ಸ್ ನಂಬರಿನ ವಿಷಯ ಬೇರೆ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ನಿಯಮ 46ರ ಪ್ರಕಾರ ಅದು ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಹಣಕಾಸು ವರ್ಷದೊಳಗೆ ಮತ್ತೆ ಬರಬಾರದು. ಹಾಗಾಗಿ ಅದಕ್ಕೆ ಬೇರೆಯೇ ಕಾಲಂ. ಮೂರಕ್ಷರದ ಶಾಖೆ ಕೋಡ್, ಸ್ಲ್ಯಾಶ್, 25-26 ಥರದ ಹಣಕಾಸು ವರ್ಷ, ಸ್ಲ್ಯಾಶ್, ಆರಂಕಿಯ ಸಂಖ್ಯೆ ಸೇರಿದರೆ ಸರಿಯಾಗಿ 16.

ಗರಿಷ್ಠ ನಂಬರಿಗೆ ಒಂದು ಕೂಡಿಸುವ ದಾರಿ ಬೇಡ. ಇಬ್ಬರು ಒಟ್ಟಿಗೆ ಓದಿದರೆ ಇಬ್ಬರಿಗೂ ಒಂದೇ ನಂಬರ್ ಸಿಗುತ್ತದೆ. ನಾನು ಇಡುವುದು ಪುಟ್ಟ ಕೌಂಟರ್ ಟೇಬಲ್: ಶಾಖೆ, ಹಣಕಾಸು ವರ್ಷ, ಕೊನೆಯ ನಂಬರ್. ಇನ್‌ವಾಯ್ಸ್ ಸೇರಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಆ ಸಾಲನ್ನು ಅಪ್‌ಡೇಟ್ ಮಾಡಿ ಒಂದು ಕೂಡಿಸಿ, ಪೋಸ್ಟ್‌ಗ್ರೆಸ್‌ನ 'ರಿಟರ್ನಿಂಗ್' ಮೂಲಕ ಹೊಸ ನಂಬರ್ ಪಡೆಯುತ್ತೇನೆ. ಮೈಎಸ್‌ಕ್ಯೂಎಲ್‌ನಲ್ಲಿ ಅಪ್‌ಡೇಟ್‌ನೊಳಗೆ 'ಲಾಸ್ಟ್ ಇನ್ಸರ್ಟ್ ಐಡಿ' ಫಂಕ್ಷನ್ ಬಳಸಿದರೆ ಅದೇ ಕೆಲಸ ಆಗುತ್ತದೆ. ರೋಲ್‌ಬ್ಯಾಕ್ ಆದರೆ ಕೌಂಟರೂ ಹಿಂದಕ್ಕೆ ಬರುತ್ತದೆ. ಶಾಖೆ, ವರ್ಷ, ನಂಬರ್ ಮೂರೂ ಸೇರಿದ ಯುನೀಕ್ ಇಂಡೆಕ್ಸ್ (ಅದೇ ಜೋಡಣೆ ಎರಡನೇ ಸಲ ಬರದಂತೆ ತಡೆಯುವುದು) ಇನ್‌ವಾಯ್ಸ್ ಟೇಬಲ್ ಮೇಲೆ ಇರಲೇಬೇಕು.

ಇದರ ಬೆಲೆ ಲಾಕ್. ಕೌಂಟರ್ ಸಾಲಿಗೆ ಬೀಗ ಬೀಳುವುದರಿಂದ, ಕಮಿಟ್ ಆಗುವವರೆಗೆ ಆ ಶಾಖೆಯ ಬೇರೆ ಬಿಲ್‌ಗಳು ಕಾಯುತ್ತವೆ. ಆದ್ದರಿಂದ ಸ್ಟಾಕ್ ಪರೀಕ್ಷೆ, ತೆರಿಗೆ ಲೆಕ್ಕ ಎಲ್ಲ ಮುಗಿಸಿ, ಕಮಿಟ್‌ಗೆ ತೀರಾ ಹತ್ತಿರದಲ್ಲಿ ನಂಬರ್ ತೆಗೆಯಬೇಕು. ಪೇಮೆಂಟ್ ಗೇಟ್‌ವೇ ಕರೆಯಂತೂ ಈ ಟ್ರಾನ್ಸಾಕ್ಷನ್‌ನೊಳಗೆ ಬರಲೇಬಾರದು. ರದ್ದಾದ ಬಿಲ್ಲನ್ನು ಡಿಲೀಟ್ ಮಾಡದೆ ಸ್ಟೇಟಸ್ ಬದಲಿಸಿ ಉಳಿಸುತ್ತೇನೆ. ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ರದ್ದಾದವುಗಳ ಸಂಖ್ಯೆಯನ್ನೂ ಕೊಡಬೇಕು.

ಏಪ್ರಿಲ್ 1ರಿಂದ ಶುರುವಾಗುವ ಹೊಸ ಹಣಕಾಸು ವರ್ಷದ ಸಾಲನ್ನು ಕೌಂಟರ್‌ ಟೇಬಲ್‌ಗೆ ಮುಂಚೆಯೇ ಸೇರಿಸಿಡಿ. ಇಲ್ಲದಿದ್ದರೆ ಅಪ್‌ಡೇಟ್ ಎರರ್ ಕೊಡದೆ ಸೊನ್ನೆ ಸಾಲು ಬದಲಿಸಿ ಸುಮ್ಮನಾಗುತ್ತದೆ. ಎಷ್ಟು ಸಾಲು ಬದಲಾಯಿತು ಎಂದು ಕೋಡ್‌ನಲ್ಲೇ ಪರೀಕ್ಷಿಸಿ. ಸರ್ವರ್ ಗಡಿಯಾರ ಯುಟಿಸಿ (ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ)ಯಲ್ಲಿದ್ದರೆ ಆ ದಿನ ಬೆಳಗಿನ 5:30ರವರೆಗೆ ಅದಕ್ಕೆ ಇನ್ನೂ ಮಾರ್ಚ್ 31. ಹಾಗಾಗಿ ಹಣಕಾಸು ವರ್ಷವನ್ನು ಭಾರತೀಯ ಸಮಯಕ್ಕೆ ತಿರುಗಿಸಿದ ಬಿಲ್ ದಿನಾಂಕದಿಂದಲೇ ತೆಗೆಯಿರಿ.