ತೂಕದ ಯಂತ್ರ ತೋರಿಸದ ಬೊಜ್ಜು

ವೈದ್ಯನಾಗಿ ಹಲವು ವರ್ಷ ನಾನು ಬೊಜ್ಜನ್ನು ಒಂದೇ ಸಂಖ್ಯೆಯಿಂದ ತೀರ್ಮಾನಿಸುತ್ತಿದ್ದೆ. ಬಿಎಂಐ (ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ) 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಎಂದು ಚೀಟಿಯಲ್ಲಿ ಬರೆದು, ತೂಕ ಇಳಿಸಿಕೊಳ್ಳಿ ಎಂದು ಹೇಳಿ ಕಳುಹಿಸುತ್ತಿದ್ದೆ. ಈ ಸೂತ್ರವನ್ನು 19ನೇ ಶತಮಾನದಲ್ಲಿ ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅವರು ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞರು. ಅವರು ಹುಡುಕಿದ್ದು ಜನಸಮೂಹದ ಸರಾಸರಿಯನ್ನೇ ಹೊರತು ಒಬ್ಬ ರೋಗಿಯ ಆರೋಗ್ಯವನ್ನಲ್ಲ. ಇದನ್ನು ಓದಿ ತಿಳಿದಿದ್ದರೂ ನನ್ನ ರೂಢಿ ಬದಲಾಗಿರಲಿಲ್ಲ.

ಬದಲಾಯಿಸಿದ್ದು ಒಬ್ಬ ರೋಗಿ. ಅವರ ಬಿಎಂಐ 24 ಇದ್ದುದರಿಂದ ಚಿಂತೆಯಿಲ್ಲ ಎಂದು ನಾನೇ ಹೇಳಿದ್ದೆ. ಎರಡು ವರ್ಷಗಳ ನಂತರ ಮಧುಮೇಹ ಮತ್ತು ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ಸೇರುವ ತೊಂದರೆ) ಎರಡನ್ನೂ ಹೊತ್ತು ಅವರು ಮರಳಿ ಬಂದಾಗ, ಸಣಕಲು ತೋಳುಗಳ ನಡುವೆ ಮುಂದೆ ಬಂದಿದ್ದ ಹೊಟ್ಟೆಯನ್ನು ಮೊದಲ ಬಾರಿ ಗಮನವಿಟ್ಟು ನೋಡಿದೆ. ಎತ್ತರ 168 ಸೆಂಟಿಮೀಟರ್, ಸೊಂಟದ ಸುತ್ತಳತೆ 96. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕೆಂಬ ಸರಳ ಲೆಕ್ಕದಲ್ಲೇ ಅಪಾಯ ಕಾಣಿಸುತ್ತಿತ್ತು. ಯಕೃತ್ತು ಮತ್ತು ಕರುಳುಗಳ ಸುತ್ತ ಸೇರುವ ಕೊಬ್ಬು ಚರ್ಮದಡಿಯ ಕೊಬ್ಬಿಗಿಂತ ಹೆಚ್ಚು ಹಾನಿಕರ; ತೂಕದ ಯಂತ್ರಕ್ಕೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಅಂದಿನಿಂದ ಅಳತೆ ಟೇಪನ್ನು ಕೈಗೆತ್ತಿಕೊಂಡೆ. ಆರಂಭದಲ್ಲಿ ಬಟ್ಟೆಯ ಮೇಲೆ, ಹೊಕ್ಕುಳಿನ ಮಟ್ಟದಲ್ಲಿ ಅಳೆದು ತಪ್ಪು ಮಾಡಿದೆ. ಕೊನೆಯ ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚನ್ನು ಬೆರಳಿನಿಂದ ಗುರುತಿಸಿ, ಅವುಗಳ ನಡುಮಧ್ಯದಲ್ಲಿ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ, ಚರ್ಮವನ್ನು ಒತ್ತದಂತೆ ಸುತ್ತಬೇಕು. ಟೇಪು ಕಂಡೊಡನೆ ಬಹುತೇಕರು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ. ಹಾಗಾಗಿ ಒಂದೆರಡು ಮಾತಾಡಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿಕೊಳ್ಳುತ್ತೇನೆ.

ಅಳತೆಯಷ್ಟೇ ಮುಖ್ಯವಾದವು ಪ್ರಶ್ನೆಗಳು. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ, ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ, ಮಂಡಿನೋವಿನಿಂದ ಯಾವ ಕೆಲಸ ಬಿಟ್ಟಿದ್ದೀರಿ ಎಂದು ಕೇಳಿ, ರಕ್ತದೊತ್ತಡ, ಸಕ್ಕರೆ, ಯಕೃತ್ತಿನ ಪರೀಕ್ಷೆಗಳನ್ನು ಜೊತೆಗಿಟ್ಟು ನೋಡುತ್ತೇನೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ಅಂಗಾಂಗಗಳಿಗೆ ಈಗಾಗಲೇ ತೊಂದರೆ ಕೊಡುತ್ತಿರುವ ಬೊಜ್ಜನ್ನೂ, ಮುಂದೆ ಕೊಡಬಹುದಾದ ಬೊಜ್ಜನ್ನೂ ಬೇರ್ಪಡಿಸಿತು. ಮೊದಲನೆಯದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ಎರಡನೆಯದಕ್ಕೆ ನಿಗಾ ಮತ್ತು ಸಲಹೆ ಬೇಕು. ಇಬ್ಬರಿಗೂ ಒಂದೇ ಚೀಟಿ ಬರೆದಿದ್ದ ನನಗೆ ಈ ವಿಂಗಡಣೆ ಬಹಳ ಉಪಯೋಗಕ್ಕೆ ಬಂತು.

ಆರು ತಿಂಗಳು ನಡಿಗೆ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಿದ ಮಹಿಳೆಯೊಬ್ಬರು, ಇಳಿದದ್ದು ಎರಡೇ ಕಿಲೋ ಎಂದು ಕಣ್ಣೀರಿಟ್ಟರು. ಸೊಂಟ ಏಳು ಸೆಂಟಿಮೀಟರ್ ಇಳಿದಿತ್ತು, ರಕ್ತದೊತ್ತಡ ಹತೋಟಿಗೆ ಬಂದಿತ್ತು. ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದೆ, ಸಲೀಸಾಗಿ ಎದ್ದರು. ಮೊದಲ ಭೇಟಿಯಲ್ಲಿ ಅದು ಅವರಿಂದ ಆಗಿರಲಿಲ್ಲ. ಅವರ ಕಡತದಲ್ಲಿ ನಾನು ಬರೆದಿದ್ದ ಹತ್ತು ಕಿಲೋ ಗುರಿಯನ್ನು ಅವರೆದುರೇ ಹೊಡೆದುಹಾಕಿ, ಅದರ ಜಾಗದಲ್ಲಿ ಮೂರು ಮಹಡಿ ನಿಲ್ಲದೆ ಹತ್ತುವುದು ಎಂದು ಬರೆದೆ.