ಕರ್ನಲ್ ಏರಿಸಿದ ಮೇಲೆ ಡಿಸ್ಕ್ ಎರರ್: ನಾನು ಪತ್ತೆ ಹಚ್ಚಿದ ಬಗೆ
"ಡಿಸ್ಕ್ ಹೋಯ್ತು, ಬದಲಾಯಿಸಿಬಿಡು" ಅಂತ ಮೂರು ಜನ ಹೇಳಿದ್ರು. ಮೂವರೂ ನನಗಿಂತ ಜಾಸ್ತಿ ಸರ್ವರ್ ನೋಡಿದವರೇ. ಅವರ ಮಾತು ನಂಬಿ ದುಡ್ಡು ಸುರಿದೆ. ಈಗ ಅದೇ ಹಳೇ ಡಿಸ್ಕು ನಾಲ್ಕು ತಿಂಗಳಿಂದ ತುಟಿಪಿಟಕ್ ಅನ್ನದೆ ಓಡ್ತಿದೆ.

ನನ್ನದು ಬ್ಯಾಕಪ್‌ಗೆ ಇಟ್ಟ ಮೆಷಿನ್ನು. 4 ಟಿಬಿಯ ಎರಡು ಡಿಸ್ಕು, ಲಿನಕ್ಸಿನ ಎಂಡಿ ಮಿರರ್ (ಎರಡರಲ್ಲೂ ಒಂದೇ ಡೇಟಾದ ಪ್ರತಿ). ಲಿನಕ್ಸಿನ ತಿರುಳು ಅನ್ನಬಹುದಾದ ಕರ್ನಲ್ 6.8ರಲ್ಲಿ ಯಾವ ತಕರಾರೂ ಇರಲಿಲ್ಲ. 6.11ಕ್ಕೆ ಏರಿಸಿ ರೀಬೂಟ್ ಮಾಡಿದ ಮಾರನೇ ಬೆಳಿಗ್ಗೆ ಒಂದು ಡಿಸ್ಕ್ ಮಿರರ್‌ನಿಂದ ಹೊರಗೆ ಬಿದ್ದಿತ್ತು. ಲಾಗ್ ತುಂಬಾ ಇಂಥಾ ಸಾಲುಗಳೇ: ಎಕ್ಸೆಪ್ಶನ್, ಫ್ರೋಜನ್, ರೀಡ್ ಎಫ್‌ಪಿಡಿಎಂಎ ಕ್ಯೂಡ್ (ಡಿಸ್ಕಿನಿಂದ ಓದೋ ಕಮಾಂಡ್) ಫೇಲ್, ಹಾರ್ಡ್ ರೀಸೆಟಿಂಗ್ ಲಿಂಕ್, ಕೊನೆಗೆ ಲಿಂಕ್ (ಡಿಸ್ಕಿಗೂ ಬೋರ್ಡಿಗೂ ನಡುವಿನ ಸಂಪರ್ಕ) ವೇಗ 3 ಜಿಬಿಪಿಎಸ್‌ಗೆ ಇಳಿಸಿದ ಸುದ್ದಿ.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಇಡೋ ಸ್ಮಾರ್ಟ್‌ನಲ್ಲಿ, ಕೆಟ್ಟ ಸೆಕ್ಟರ್ ಎಣಿಸೋ 5, 197, 198 ಮೂರೂ ಸೊನ್ನೆ. ದಾರಿಯಲ್ಲಿ ಡೇಟಾ ಕೆಟ್ಟದ್ದನ್ನು (ಸಿಆರ್‌ಸಿ ಎರರ್) ಎಣಿಸೋ 199 ಮಾತ್ರ 3 ಇದ್ದದ್ದು 11ಕ್ಕೋ 12ಕ್ಕೋ ಏರಿತ್ತು. ಸಿಆರ್‌ಸಿ ಎಣಿಕೆ ಏರಿದೆ ಅಂದ್ಮೇಲೆ ಕೇಬಲ್ಲೇ ಅಂದ್ಕೊಂಡೆ. ಮೂರು ಕೇಬಲ್ ಬದಲಾಯಿಸಿದೆ, ಮೂರನೆಯದು ಲಾಕ್ ಇರೋ ದುಬಾರಿ ಮಾಲು. ಏನೂ ಫರಕು ಬೀಳಲಿಲ್ಲ. ಬೇರೆ ಮೆಷಿನ್‌ನ ಪವರ್ ಸಪ್ಲೈ ಕಿತ್ತು ಇದಕ್ಕೆ ಹಾಕಿ ನೋಡಿದೆ, ಅದೂ ದಂಡ.

ಆಮೇಲೆ ಡಿಸ್ಕ್. ಅದೇ ಮಾಡೆಲ್, ಮೊದಲು ಕೊಟ್ಟಿದ್ದಕ್ಕಿಂತ ಹತ್ತಿರಹತ್ತಿರ ಒಂದೂವರೆ ಪಟ್ಟು ಬೆಲೆ. ರೀಬಿಲ್ಡ್ (ಹೊಸ ಡಿಸ್ಕಿಗೆ ಪೂರ್ತಿ ಪ್ರತಿ ಬರೆಯೋದು) ಏಳೆಂಟು ಗಂಟೆ ಓಡಿತು, ಒಂದೇ ಒಂದು ಎರರ್ ಇಲ್ಲ. ಗೆದ್ದೆ ಅಂತ ಮಲಗಿದೆ. ಬೆಳಿಗ್ಗೆ ನೋಡಿದ್ರೆ ಹೊಸ ಡಿಸ್ಕೂ ಮಿರರ್‌ನಿಂದ ಹೊರಗೆ.

ತಲೆ ಸರಿಯಾಗಿ ಓಡಿದ್ದು ಆಗಲೇ. ಎಂಟು ಗಂಟೆ ಎಡೆಬಿಡದೆ ಬರೆಯುವಾಗ ಬಾರದ ಎರರ್, ಯಾರೂ ಮುಟ್ಟದೆ ಇದ್ದಾಗ ಯಾಕೆ ಬರುತ್ತೆ? ಡಿಸ್ಕ್ ಎಚ್ಚರವಾಗಿರಲಿ ಅಂತ ಎರಡು ಸೆಕೆಂಡಿಗೊಮ್ಮೆ ಒಂದು ಬ್ಲಾಕ್ ಓದೋ ಲೂಪ್ ಬರೆದೆ, ಕ್ಯಾಶ್ ದಾಟಿ ನೇರ ಡಿಸ್ಕಿನಿಂದ. ಆಗಿದ್ದು ಉಲ್ಟಾ. ರಾತ್ರಿಗೊಮ್ಮೆ ಬರ್ತಿದ್ದ ಎರರ್ ಇಪ್ಪತ್ತು ನಿಮಿಷದಲ್ಲೇ ಬಂತು! ಎರಡು ಓದಿನ ನಡುವೆ ಲಿಂಕ್ ಮಲಗುತ್ತೆ, ಎಬ್ಬಿಸುವಾಗ ಎಡವುತ್ತೆ. ನಾನು ಎಬ್ಬಿಸಿದಷ್ಟೂ ಸಲ ಎಡವೋಕೆ ಅವಕಾಶ. ಅಂತರ ಎಷ್ಟಿಟ್ಟರೆ ಐದೇ ನಿಮಿಷದಲ್ಲಿ ಬೀಳುತ್ತೆ ಅನ್ನೋದು ನನ್ನ ಹತ್ತಿರವೇ ಇರಲಿ, ಕಷ್ಟಪಟ್ಟು ಕಂಡುಕೊಂಡದ್ದು.

ಆಗ ಹಳೇ ಲಾಗ್ ಮತ್ತೆ ತೆಗೆದೆ. ದಿನಾ ಕಣ್ಣು ಹಾಯಿಸಿ ಬಿಡ್ತಿದ್ದ ಸಾಲು: ಎಸ್‌ಇಆರ್‌ಆರ್ (ಲಿಂಕಿನ ಎರರ್ ಗುರುತುಗಳು) 0x50000, ಪಕ್ಕದಲ್ಲಿ ಫೈ-ರೆಡಿ-ಚೇಂಜ್ (ಲಿಂಕಿನ ಸ್ಥಿತಿ ಬದಲಾಯ್ತು), ಕಾಮ್‌ವೇಕ್. ಕೇಬಲ್ ಕೆಟ್ಟಿದ್ದರೆ ಅಲ್ಲಿ ಬ್ಯಾಡ್‌ಸಿಆರ್‌ಸಿ, 10ಬಿ8ಬಿ ಥರದ, ಡೇಟಾ ಕೆಟ್ಟು ಬಂದ ಗುರುತುಗಳು ಕಾಣಬೇಕಿತ್ತು. ಕಾಮ್‌ವೇಕ್ ಅಂದ್ರೆ ಮಲಗಿದ ಲಿಂಕನ್ನು ಎಬ್ಬಿಸೋ ಸಂಕೇತ. ಉತ್ತರ ಮೊದಲ ದಿನದಿಂದಲೂ ಕಣ್ಣೆದುರಿಗೇ ಇತ್ತು, ನಾನು ಕೇಬಲ್ ಕೊಳ್ಳೋದ್ರಲ್ಲಿದ್ದೆ.

ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ಫೈಲುಗಳಾಗಿ ತೋರಿಸೋ ಸಿಸ್‌ಎಫ್‌ಎಸ್‌ನಲ್ಲಿ ಆ ಹೋಸ್ಟಿನ (ಡಿಸ್ಕ್ ಕೂತ ಪೋರ್ಟಿನ) ಲಿಂಕ್ ಪವರ್ ಮ್ಯಾನೇಜ್‌ಮೆಂಟ್ ಪಾಲಿಸಿ ನೋಡಿದೆ. 6.8ರಲ್ಲಿ ಬೂಟ್ ಮಾಡಿದ್ರೆ ಮ್ಯಾಕ್ಸ್ ಪರ್ಫಾರ್ಮೆನ್ಸ್, 6.11ರಲ್ಲಿ ಮೀಡಿಯಂ ಪವರ್ ವಿತ್ ಡಿಐಪಿಎಂ, ಅಂದ್ರೆ ಕರೆಂಟ್ ಉಳಿಸೋಕೆ ಡಿಸ್ಕ್ ತಾನೇ ಲಿಂಕನ್ನು ಮಲಗಿಸಬಹುದು. ಇದಕ್ಕೂ ಮುಂಚೆ ಬೈಸೆಕ್ಟ್ (ಎರಡು ಆವೃತ್ತಿಯ ನಡುವಿನ ಬದಲಾವಣೆಗಳನ್ನು ಅರ್ಧರ್ಧ ಮಾಡ್ತಾ ತಪ್ಪಿತಸ್ಥನನ್ನು ಹುಡುಕೋದು) ಹಿಡಿದು ಕೂತಿದ್ದೆ ಅನ್ನೋದನ್ನೂ ಹೇಳಿಬಿಡ್ತೀನಿ. ಹತ್ತಕ್ಕೂ ಹೆಚ್ಚು ಬಿಲ್ಡ್ ಬೇಕಿತ್ತು, ನಾಲ್ಕಕ್ಕೇ ಕೈಬಿಟ್ಟೆ. ಆಮೇಲೆ ಬದಲಾವಣೆಗಳ ಪಟ್ಟಿ ಓದಿದ್ರೆ, ಮೊದಲು ಲ್ಯಾಪ್‌ಟಾಪ್ ಚಿಪ್‌ಸೆಟ್‌ಗಳಿಗಷ್ಟೇ ಇದ್ದ ಈ ಉಳಿತಾಯವನ್ನು ಎಎಚ್‌ಸಿಐ (ಸಾಟಾ ಕಂಟ್ರೋಲರ್) ಡ್ರೈವರ್ 6.9ರಿಂದ ಬೇರೆ ಕಂಟ್ರೋಲರ್‌ಗಳಿಗೂ ಹಚ್ಚಿತ್ತು.

ಆ ಪಾಲಿಸಿ ಫೈಲಿಗೆ ಮ್ಯಾಕ್ಸ್ ಪರ್ಫಾರ್ಮೆನ್ಸ್ ಬರೆದು ಲೂಪ್ ಓಡಿಸಿದೆ. ರಾತ್ರಿಯಿಡೀ ಸೊನ್ನೆ. ಮತ್ತೆ ಮೀಡಿಯಂ ಪವರ್‌ಗೆ ಹಾಕಿದೆ, ಕಾಲು ಗಂಟೆಯಲ್ಲಿ ಎರರ್. ನಂಬದವರ ಬಾಯಿ ಮುಚ್ಚಿಸಲಿಕ್ಕೆ ಮೂರು ಸಲ ಹೀಗೆ ಹಾಕಿ ತೆಗೆದು ಲಾಗ್ ಇಟ್ಟುಕೊಂಡೆ. ಅವರಲ್ಲೊಬ್ಬ "ಎನ್‌ಸಿಕ್ಯೂ ಆಫ್ ಮಾಡಿ ನೋಡು" ಅಂತ ಹಟ ಹಿಡಿದ (ಡಿಸ್ಕಿಗೆ ಹಲವು ಕಮಾಂಡ್ ಒಟ್ಟಿಗೆ ಕೊಡೋ ಸೌಲಭ್ಯ ಅದು). ಮಾಡಿದೆ. ಫೇಲ್ ಆದ ಕಮಾಂಡಿನ ಹೆಸರು ರೀಡ್ ಡಿಎಂಎ ಎಕ್ಸ್‌ಟ್ ಅಂತ ಬದಲಾಯ್ತು, ಮೆಷಿನ್ ಎಳೆಯೋಕೆ ಶುರುವಾಯ್ತು, ಎರರ್ ಎಲ್ಲೂ ಹೋಗಲಿಲ್ಲ.

ಇದನ್ನು ಕಾಯಂ ಮಾಡೋಕೆ ಮೊದಲು ಯುಡೆವ್ ರೂಲ್‌ನಲ್ಲೇ (ಡಿವೈಸ್ ಕಂಡಾಗ ಸೆಟ್ಟಿಂಗ್ ಹಾಕೋ ನಿಯಮ) ಮುಗಿಸಿದ್ದೆ. ಒಮ್ಮೆ ರೂಲ್ ತಗಲೋ ಮುಂಚೆ, ಬೂಟ್ ಹೊತ್ತಿನಲ್ಲೇ ಲಿಂಕ್ ಬಿತ್ತು. ಹಾಗಾಗಿ ಕರ್ನಲ್‌ಗೆ ಬೂಟ್ ಆಗುವಾಗ ಕೊಡೋ ಸಾಲಿಗೇ ಹೋದೆ: ಲಿಬ್‌ಎಟಿಎ ಫೋರ್ಸ್ ಅನ್ನೋ ಆಯ್ಕೆಗೆ ಪೋರ್ಟ್ ನಂಬರ್, ಕೋಲನ್, ನೋಎಲ್‌ಪಿಎಂ (ಲಿಂಕ್ ಮಲಗಿಸಬೇಡ). ಇಲ್ಲೂ ಒಂದು ಸಂಜೆ ಹಾಳು. ಹೋಸ್ಟ್ ಎಣಿಕೆ ಸೊನ್ನೆಯಿಂದ, ಎಟಿಎ ಎಣಿಕೆ ಒಂದರಿಂದ. ನನ್ನದು ಹೋಸ್ಟ್ 2, ಅಂದ್ರೆ ಎಟಿಎ 3. ನಾನು 2 ಅಂತ ಬರೆದು, ಪಕ್ಕದ ಡಿವಿಡಿ ಡ್ರೈವಿನ ನಿದ್ದೆ ಕೆಡಿಸಿ, ಕೆಲಸ ಆಗ್ತಿಲ್ಲ ಅಂತ ಕೂತಿದ್ದೆ.

ಕುತೂಹಲಕ್ಕೆ ಗೋಡೆಯ ಪ್ಲಗ್ಗಿಗೆ ವಾಟ್ ಮೀಟರ್ ಸಿಕ್ಕಿಸಿ ಅಳೆದೆ. ನಿದ್ದೆ ತಪ್ಪಿಸಿದ್ದಕ್ಕೆ ಒಂದೆರಡು ವಾಟ್ ಜಾಸ್ತಿ. ಆ ವಾಟ್ ಉಳಿಸೋಕೆ ಹೋಗಿ ಒಂದು ಡಿಸ್ಕು, ಮೂರು ಕೇಬಲ್ಲು, ಹೆಚ್ಚೂಕಡಿಮೆ ಮೂರು ವಾರ ಹೋಯ್ತು.

ಹೊಸ ಡಿಸ್ಕನ್ನು ಮೂರನೇ ಪ್ರತಿಗೆ ಇಟ್ಟುಕೊಂಡಿದ್ದೀನಿ. ಅದಕ್ಕೂ ನೋಎಲ್‌ಪಿಎಂ ಹಾಕಿದ್ದಾಗಿದೆ.